ಕೈ ಹಿಡಿದಾಗ ಒಂದೂವರೆ ಅಡಿ

ಮುಂಡರಗಿ
ಫೆಬ್ರುವರಿ ಮೂವತ್ತು, ೨೧೯೧

ಫಕ್ಕೀರಪ್ಪ ಮೇಸ್ತ್ರಿಯವರ ನೆನಪಿಗಾಗಿ ಕೂಡಿದ ಸಭೆಗೆ ಶರಣು. ಅವರೊಡನೆ ಉಂಡು, ನಡೆದು, ಅವರ ಮುಗಿಯದ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಟ್ಟ ಹಿರಿಯರಿಗೆ ನನ್ನ ಮೊದಲ ಕೃತಜ್ಞತೆ. ನಿಮ್ಮ ಕೆಲವು ಉತ್ತರಗಳು ನಮ್ಮವರೆಗೂ ಬಂದು ತಲುಪಿವೆ.

ಮೇಲಿನ ದಿನಾಂಕ ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಉಳಿಯುವ ಐದನ್ನು ವರ್ಷದ ಕೊನೆಯಲ್ಲಿ ಒಟ್ಟಿಗೆ ಇಟ್ಟು ‘ಬಿಡುವಿನ ದಿನಗಳು’ ಎನ್ನುತ್ತೇವೆ. ಆ ಐದು ದಿನ ಯಾರಿಗೂ ವಯಸ್ಸಾಗುವುದಿಲ್ಲವೆಂದು ಮಕ್ಕಳು ನಂಬಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಗದದಿಂದ ಕಲಿತವಳು. ಮಾತು ಎಲ್ಲಿಯಾದರೂ ಒರಟಾಗಿ ಕೇಳಿಸಿದರೆ ಮನ್ನಿಸಬೇಕು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಸಾಗುವ ಅಂಚೆಗೆ ನಾವಿಟ್ಟ ಹೆಸರು ಅದು. ಒಂದು ಊರಿಗೆ ಒಂದೇ ಸಲ, ಒಂದೇ ಪತ್ರ. ನಮ್ಮ ಊರಿನ ಪತ್ರ ಯಾರಿಗೆ ಹೋಗಬೇಕೆಂದು ಎರಡು ವರ್ಷ ಚರ್ಚಿಸಿ, ಕೊನೆಗೆ ನಿಮ್ಮ ಈ ಸಭೆಯನ್ನು ಆರಿಸಿಕೊಂಡೆವು. ಏಕೆಂಬುದನ್ನು ಹೇಳುತ್ತೇನೆ.

ನಾನು ಇಲ್ಲಿಯ ಶಾಲೆಯಲ್ಲಿ ಹಳೆಯ ಬರಹಗಳನ್ನು ಓದಿಸುವವಳು. ಫಕ್ಕೀರಪ್ಪನವರ ಮಗಳು ಶೈಲಜಾ ಅವರಿಂದ ಆರನೆಯ ತಲೆಮಾರಿನವಳು. ನಮ್ಮ ಬೀದಿಗಳಿಗೆ ಬಟ್ಟೆಯ ಮಾಡು ಹೊದಿಸಿರುತ್ತೇವೆ; ಅವುಗಳನ್ನು ನೆರಳುಬೀದಿ ಎನ್ನುತ್ತೇವೆ. ನಸುಕಿನ ಇಬ್ಬನಿಯನ್ನು ಬಲೆಗಳಲ್ಲಿ ಹಿಡಿದು ಕುಡಿಯುತ್ತೇವೆ. ಆದರೆ ಇಬ್ಬನಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ನೆಲದಡಿಯಲ್ಲಿ ನೀರಿದೆ ಎಂಬುದು ಗೊತ್ತು. ಎಲ್ಲಿದೆ ಎಂಬುದು ಗೊತ್ತಿಲ್ಲ. ನಿಮ್ಮ ಬಾವಿಗಳೆಲ್ಲ ಮುಚ್ಚಿಹೋಗಿ, ಮೇಲೆ ಮಣ್ಣು ಕೂತು, ಹೆಸರೂ ಉಳಿಯದೆ ನಾಲ್ಕು ತಲೆಮಾರು ಕಳೆದಿವೆ. ಮುನ್ನೂರು ಮನೆಗಳವರು ಊರು ಬಿಡಬೇಕೋ ಬೇಡವೋ ಎಂಬುದನ್ನು ಮುಂದಿನ ವರ್ಷದೊಳಗೆ ತೀರ್ಮಾನಿಸಬೇಕಾಗಿದೆ.

ಇಂಥ ಊರಿನಲ್ಲಿ ಫಕ್ಕೀರಪ್ಪನವರ ಒಂದು ನೋಟ್‌ಬುಕ್ ಉಳಿದಿದೆ. ಬೆನ್ನಿನ ಮೇಲೆ ‘೧೭’ ಎಂದಿದೆ. ಯಾರೋ ಅದನ್ನು ಹೊಲಿಗೆ ಯಂತ್ರ ಅಲುಗಾಡದಂತೆ ಕಾಲಿನಡಿ ಇಟ್ಟಿದ್ದರಿಂದ ಉಳಿಯಿತು. ಮೊದಲ ಪುಟದಲ್ಲಿ ‘ಸುಟ್ಟವು’ ಎಂಬ ತಲೆಬರಹ. ಕೆಳಗೆ ಜನರ ಹೆಸರು, ‘ಐದು ಎಚ್‌ಪಿ’, ‘ಅರವತ್ತು ಅಡಿ’, ‘ನೀರು ಸಿಹಿ’. ನಾವು ಸತ್ತವರನ್ನು ಸುಡುವುದಿಲ್ಲ, ಗಿಡದ ಬುಡಕ್ಕೆ ಒಪ್ಪಿಸುತ್ತೇವೆ. ಸುಡುವುದು ನಿಮ್ಮ ಕಾಲದ ಪದ್ಧತಿಯೆಂದು ಓದಿದ್ದೆವು. ಹಾಗಾಗಿ ಇದು ಸುಡುಗಾಡಿನ ದಾಖಲೆ, ಎಚ್‌ಪಿ ಕಟ್ಟಿಗೆಯ ಅಳತೆ, ಸಿಹಿನೀರು ಬಾಯಿಗೆ ಬಿಟ್ಟ ಕೊನೆಯ ಹನಿ ಎಂದು ನಮ್ಮ ವಿದ್ವಾಂಸರು ಅರವತ್ತು ವರ್ಷ ವಿವರಿಸಿದರು. ಅದನ್ನೇ ನಾನೂ ಪಾಠ ಮಾಡಿದೆ.

ಹನ್ನೊಂದು ವರ್ಷದ ಚಿಗುರವ್ವ ಎಂಬ ವಿದ್ಯಾರ್ಥಿನಿ ಒಂದು ಸಾಲಿನ ಮೇಲೆ ಬೆರಳಿಟ್ಟಳು: ‘ಶಾಂತವ್ವ, ಮತ್ತೆ ಸುಟ್ಟಿತು.’

“ಅಕ್ಕೋರ, ಒಬ್ಬಾಕಿ ಎರಡು ಸಲ ಹೆಂಗ ಸುಡ್ತಾಳ್ರೀ?”

ಬರೆದವರ ತಪ್ಪಿರಬೇಕು ಎಂದೆ.

“ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಪಾಪ, ಸತ್ತವರ ಮ್ಯಾಲ ಯಾಕ ಹಾಕ್ತೀರಿ?”

ತರಗತಿ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಅವಳು ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ಓದತೊಡಗಿದಳು. ಅಲ್ಲಿದ್ದುದು ಬೇರೆ ಯಾರದೋ ಬರಹವೆಂದು ನಾವು ಬಿಟ್ಟಿದ್ದೆವು. ತಲೆಬರಹ ‘ಗೊತ್ತಿಲ್ಲ’. ಮೊದಲ ಸಾಲು: ‘ಮೋಟಾರಿನ ಸುರುಳಿ ಸುಡುವಾಗ ಮೊದಲು ಯಾವ ಬದಿ ಕಪ್ಪಾಗುತ್ತದೆ?’

ಸುಟ್ಟಿದ್ದು ಶಾಂತವ್ವನಲ್ಲ, ಅವರ ಬಾವಿಯ ಮೋಟಾರು. ನಿಮಗೆಲ್ಲ ತಿಳಿದಿರುವುದು ನಮಗೆ ಆ ದಿನ ತಿಳಿಯಿತು: ಫಕ್ಕೀರಪ್ಪನವರು ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದವರು. ಸುತ್ತಿಕೊಟ್ಟು ಸುಮ್ಮನಿರುವವರಲ್ಲ. ಯಾಕೆ ಸುಟ್ಟಿತೆಂದು ತಿಳಿಯಲು ಪ್ರತಿಯೊಂದು ಬಾವಿಗೂ ನಡೆದು ಹೋಗಿ, ಆಳ ಅಳೆದು, ನೀರಿನ ರುಚಿ ನೋಡಿ, ಬಸವಣ್ಣನ ಕಲ್ಲುಗುಡಿಯ ಮೂಲೆಯಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆದಿಡುತ್ತಿದ್ದರು. ಶಾಂತವ್ವ ಹೇಳಿದ್ದನ್ನೂ ಬರೆದಿದ್ದಾರೆ: “ಮೇಸ್ತ್ರಿ, ಮತ್ತ ಸುಟ್ಟೈತಿ. ಈ ಸಲ ಸುತ್ತಿ ಕೊಡ್ತೀಯೋ, ಬರೇ ಬರದು ಇಡ್ತೀಯೋ?”

ಆ ಗುಡಿಯ ಮೂಲೆಗಲ್ಲು ಇಂದಿಗೂ ಅಲ್ಲೇ ಇದೆ. ಹಗ್ಗ ಹಿಡಿದು ಅಲ್ಲಿಗೆ ಹೊರಟೆವು.

ಅವರ ಒಂದು ಹೆಜ್ಜೆ ಎಷ್ಟುದ್ದ? ಅದೂ ಹಿಂದಿನ ಪುಟಗಳಲ್ಲಿತ್ತು: ‘ನನ್ನ ಹೆಜ್ಜೆ ಎರಡೂಕಾಲು ಅಡಿ.’ ಅಳೆದು ಅಗೆದೆವು. ಬಾವಿಗಳು ಸಿಕ್ಕವು, ಕಲ್ಲಿನ ಕಟ್ಟೆಯ ಸಮೇತ. ಆದರೆ ಐದು ಬಾವಿಗಳು ಮಾತ್ರ ಎಷ್ಟು ಅಗೆದರೂ ಸಿಗಲಿಲ್ಲ. ತಾರೀಖು ನೋಡಿದರೆ, ಆ ಐದನ್ನೂ ಬರೆದದ್ದು ಭಾನುವಾರಗಳಂದು. ಭಾನುವಾರಗಳಲ್ಲಿ ಏನಿತ್ತು? ಚಿಗುರವ್ವ ಮತ್ತೆ ಓದಿದಳು. ಹೆಜ್ಜೆಯ ಅಳತೆಯ ಕೆಳಗೆ, ಪೆನ್ಸಿಲ್ಲಿನಲ್ಲಿ, ಮಾಸಿದ ಇನ್ನೊಂದು ಸಾಲು: ‘ಶೈಲಾಳ ಕೈ ಹಿಡಿದಾಗ ಒಂದೂವರೆ.’

ಶಾಲೆಗೆ ರಜೆಯಿದ್ದ ದಿನ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಅವಳ ಕಾಲಿಗೆ ತಕ್ಕಂತೆ ತಮ್ಮ ಹೆಜ್ಜೆಯನ್ನು ಕಿರಿದು ಮಾಡಿಕೊಳ್ಳುತ್ತಿದ್ದರು. ಒಂದೂವರೆ ಅಡಿಯ ಲೆಕ್ಕದಲ್ಲಿ ಅಳೆದಾಗ ಐದರಲ್ಲಿ ನಾಲ್ಕು ಬಾವಿಗಳು ಸಿಕ್ಕವು. ತಂದೆಯೊಬ್ಬರ ಅಕ್ಕರೆಯನ್ನು ಹಗ್ಗ ಹಿಡಿದು ಅಳೆದ ಊರು ಬೇರೆ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಆ ಪುಟಗಳಿಂದಲೇ ಅವರ ಮನೆಯನ್ನೂ ಬಲ್ಲೆವು. ಅಂಗಡಿಯ ಬೆಂಚಿನ ಮೇಲೆ ಶೈಲಜಾ ಓದುತ್ತಿದ್ದರು; ತಂದೆ ತಂತಿಯ ಸುತ್ತು ಎಣಿಸುತ್ತಿದ್ದರು. ‘ಇಂದು ಮೂರು ಸಲ ಎಣಿಕೆ ತಪ್ಪಿತು. ಶೈಲಾ ಕೇಳಿದಳು: ಅಪ್ಪಾ, ಚಂದ್ರ ಹಗಲಿನಾಗೂ ಯಾಕ ಕಾಣ್ತಾನ? ಗೊತ್ತಿಲ್ಲ. ಮತ್ತೆ ಒಂದರಿಂದ.’ ಗದರಿದ ಸುಳಿವು ಎಲ್ಲಿಯೂ ಇಲ್ಲ. ಎಂಟು ತಿಂಗಳ ನಂತರ ಅದೇ ಸಾಲಿನ ಪಕ್ಕದಲ್ಲಿ ಚಂದ್ರನ ಉತ್ತರ, ಹೇಳಿಕೊಟ್ಟವರ ಹೆಸರು, ತಾರೀಖು. ಪತ್ನಿ ಹಾಲವ್ವನವರ ಮಾತೂ ಇದೆ: “ಗೊತ್ತಿಲ್ಲದ್ದು ಬರದು ಬರದು ಪುಸ್ತಕ ತುಂಬಿಸಾಕತ್ತೀರಿ. ಗೊತ್ತಿದ್ದದ್ದು ಬರದಿದ್ರ ಅರ್ಧ ಹಾಳಿ ಸಾಕಾಗ್ತಿತ್ರೀ.” ಅದರ ಮುಂದೆ ಮೇಸ್ತ್ರಿಯವರ ಷರಾ: ‘ಖರೆ.’

ಈಗ ನಮ್ಮ ಬಿನ್ನಹ. ಹದಿನೇಳನೆಯ ಪುಸ್ತಕದಿಂದ ಹನ್ನೊಂದು ಬಾವಿಗಳು ಸಿಕ್ಕಿವೆ, ಒಂಬತ್ತರಲ್ಲಿ ನೀರಿದೆ. ಅಷ್ಟು ಮುನ್ನೂರು ಮನೆಗಳಿಗೆ ಸಾಲದು. ಮೇಸ್ತ್ರಿಯವರು ಬರೆದ ಪುಸ್ತಕಗಳು ನಲವತ್ತೊಂದು. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತಿನಂತೆ, ಉಳಿದ ನಲವತ್ತು ಈ ಹೊತ್ತಿನಲ್ಲಿ ನೀವು ಕುಳಿತ ಪಡಸಾಲೆಯ ಗೂಡಿನಲ್ಲಿವೆ. ಸಭೆ ಮುಗಿದು ಮನೆ ತೆರವು ಮಾಡುವ ಗಡಿಬಿಡಿಯಲ್ಲಿ, ‘ಹಳೇ ಅಂಗಡಿ ಬುಕ್ಕು’ ಎಂದು ರದ್ದಿಗೆ ಹೋಗುತ್ತವೆ. ಯಾರನ್ನೂ ದೂರುತ್ತಿಲ್ಲ. ಅರವತ್ತು ವರ್ಷ ಅವುಗಳಲ್ಲೊಂದನ್ನು ಸುಡುಗಾಡಿನ ದಾಖಲೆ ಎಂದವರು ನಾವು. ಆ ಪುಸ್ತಕಗಳನ್ನು ರದ್ದಿಗೆ ಕಳಿಸಬೇಡಿ. ನೀವು ಉಳಿಸಿದರೆ ನಮ್ಮ ಕಪಾಟಿನಲ್ಲಿ ಅವು ತಾವಾಗಿ ಕಾಣಿಸಿಕೊಳ್ಳುತ್ತವೆಯೋ, ಈ ಪತ್ರ ಬರೆದ ನೆನಪೇ ನನಗೆ ಉಳಿಯುವುದಿಲ್ಲವೋ, ಎಂದು ಚಿಗುರವ್ವ ಕೇಳುತ್ತಿದ್ದಾಳೆ. ಗೊತ್ತಿಲ್ಲ ಎಂದು ಬರೆದುಕೊಂಡಿದ್ದೇವೆ.

ಇನ್ನೊಂದು ಮಾತು, ವಿಶೇಷವಾಗಿ ಕಿರಿಯರಿಗೆ. ನಲವತ್ತೊಂದನೆಯ ಪುಸ್ತಕ ಅರ್ಧ ಖಾಲಿ ಇದೆಯಂತೆ. ಅವರು ನೋಡದ ಬಾವಿಗಳು ಊರಿನಲ್ಲಿ ಇನ್ನೂ ಇವೆ. ಶೈಲಜಾ ಅಜ್ಜಿ, ಅದನ್ನು ಗೂಡಿನಿಂದ ಇಳಿಸಿ. ಗುಡಿಯ ಮೂಲೆಗಲ್ಲಿನ ಬಳಿಗೆ ಎಲ್ಲರೂ ಹೋಗಿ. ಪಕ್ಕದಲ್ಲಿರುವ ಮಗುವಿನ ಕೈ ಹಿಡಿದು ನಿಮ್ಮ ಹೆಜ್ಜೆಯ ಅಳತೆಯನ್ನು ಮೊದಲು ಬರೆದುಕೊಂಡು, ಆ ಬಾವಿಗಳತ್ತ ಹೆಜ್ಜೆ ಎಣಿಸುತ್ತ ನಡೆಯಿರಿ. ನಡುವೆ ಮಗು ಏನಾದರೂ ಕೇಳಿ ಎಣಿಕೆ ತಪ್ಪಿದರೆ, ತಪ್ಪಲಿ. ಮತ್ತೆ ತೊಡಗಿ.

ಒಂದು.