ಕತ್ತಿನ ಕಪ್ಪು

ಗುರುವಾರ, 12 ಜೂನ್ 2003

ಇವತ್ತೂ ಹಾಲು ಉಕ್ಕಿತು. ಸ್ನೇಹಲ್‌ಳ ಜಡೆ ಹಾಕುತ್ತಾ ನಿಂತರೆ ಒಲೆಯ ಕಡೆ ಲಕ್ಷ್ಯವೇ ಇರುವುದಿಲ್ಲ. ಮಗಳ ಕತ್ತಿನ ಹಿಂದೆ ಮತ್ತೆ ಅದೇ ಕಪ್ಪು. ಕಡಲೆಹಿಟ್ಟು, ಮೊಸರು, ನಿಂಬೆರಸ — ಎಲ್ಲ ಆಯಿತು. ಇವತ್ತು ಜೋರಾಗಿಯೇ ಉಜ್ಜಿದೆ.

"ಅವ್ವಾ, ಉರೀತದ!"

"ನೆಟ್ಟಗ ಜಳಕಾ ಮಾಡಿದ್ರ ನಾ ಯಾಕ ಉಜ್ಜತಿದ್ದೆ?"

ಯೂನಿಫಾರ್ಮಿನ ಓಢಣಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಶಾಲೆಗೆ ಹೋದಳು. ಈ ಸೆಖೆಯಲ್ಲಿ!

ಭಾನುವಾರ, 29 ಜೂನ್

ಹೋದ ವರ್ಷ ಇವಳು ದೊಡ್ಡವಳಾದಾಗ ನೆಂಟರು ಅಂಟಿನುಂಡೆಯ ಜೊತೆ ಒಂದೊಂದು ಡಬ್ಬಿಯನ್ನೂ ತಂದಿದ್ದರು. ಹಾಲಿಗೆ ಹಾಕುವ ಪುಡಿ — ವಿಟಮಿನ್, ಕಬ್ಬಿಣ, ಏನೇನೋ ಸೇರಿಸಿದ್ದು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಔಷಧಿ. ಮುಗಿದರೆ ಮತ್ತೆ ತರುತ್ತೇವೆ.

ಈಗ ಕೆಲವು ತಿಂಗಳಿಂದ ಅವಳ ಮುಟ್ಟು ನಿಂತಿದೆ. ಅತ್ತೆ ಶಿವಗಂಗವ್ವನವರ ತೀರ್ಪು: "ನಿಶ್ಶಕ್ತಿ. ನೀತಾ, ಇನ್ನೊಂದು ಚಮಚ ಹೆಚ್ಚ ಹಾಕ." ಹಾಕಿದೆ. ಆದರೆ ನಿಶ್ಶಕ್ತಿಯಾದ ಹುಡುಗಿ ಹೀಗೇಕೆ ದಪ್ಪಗಾಗುತ್ತಾಳೆ? ನಮ್ಮ ಯಜಮಾನರನ್ನು ಕೇಳಿದೆ. "ಬೆಳಿಯೂ ಕೂಸು," ಎಂದು ಪೇಪರ್ ತಿರುವಿದರು. ಆಯಿತು, ಇವರ ಕೆಲಸ ಮುಗಿಯಿತು.

ಶುಕ್ರವಾರ, 18 ಜುಲೈ

ತಡೆಯಲಾಗಲಿಲ್ಲ. ಡಾಕ್ಟರ್ ನೀರಜಾ ಅವರಲ್ಲಿಗೆ ಕರೆದುಕೊಂಡು ಹೋದೆ.

ಮೊದಲ ಪ್ರಶ್ನೆ — ಸಿಹಿ ತಿನ್ನುತ್ತಾಳಾ? "ಇಲ್ಲವೇ ಇಲ್ಲ," ಎಂದು ಈ ಊರಿನ ಮರಾಠಿಯಲ್ಲೇ ಹೆಮ್ಮೆಯಿಂದ ಹೇಳಿದೆ. ಕೋಲ್ಡ್ ಡ್ರಿಂಕ್ ಕೂಡ ಮನೆಗೆ ತರುವುದಿಲ್ಲ. ಹಾಲು? ಕುಡಿಯುತ್ತಾಳೆ... ಪುಡಿ ಹಾಕಿ. ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ಮಲಗುವಾಗ. ಮೇಲೆ ಸ್ವಲ್ಪ ಸಕ್ಕರೆ. ಜೊತೆಗೆ ವಿಟಮಿನ್ ಬಿಸ್ಕಿಟ್. ಹೇಳುತ್ತಾ ಹೋದಂತೆ ನನ್ನ ದನಿ ಸಣ್ಣದಾಯಿತು.

ಡಾಕ್ಟರ್ ಬೈಯಲಿಲ್ಲ. ಓಢಣಿ ಸರಿಸಿ ಕತ್ತು ನೋಡಿದರು. ಕೊಳೆಯಲ್ಲವಂತೆ! ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೆಚ್ಚಾದಾಗ ಚರ್ಮ ಹೀಗೆ ಕಪ್ಪಾಗುತ್ತದಂತೆ. ಮುಟ್ಟು ನಿಂತಿದ್ದಕ್ಕೂ ಅದೇ ಕಾರಣ ಇರಬಹುದು. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ. ಹದಿನಾಲ್ಕರ ಹುಡುಗಿಗೆ.

"ವಿಟಮಿನ್ ಕೆಟ್ಟದ್ದಲ್ಲ. ಅದರ ಜೊತೆ ಎಷ್ಟು ಸಕ್ಕರೆ ಹೋಗುತ್ತಿದೆ, ಅದನ್ನು ನೋಡಿ," ಎಂದರು.

ನಿಗಡಿಯ ಮನೆಗೆ ಮರಳುವ ಬಸ್ಸಿನಲ್ಲಿ ಸ್ನೇಹಲ್ ಕಿಟಕಿಯ ಕಡೆ ಮುಖ ಮಾಡಿ, "ಅಂದ್ರ ನಾ ಹೊಲಸ ಇದ್ದಿಲ್ಲ, ಅಲ್ಲಾ ಅವ್ವಾ?" ಎಂದಳು. ಬಸ್ಸಿನಲ್ಲೇ ಅಳು ಬಂತು.

ಭಾನುವಾರ, 20 ಜುಲೈ

ಮಗಳಿಗೆ ಪುಡಿ ನಿಲ್ಲಿಸಿದೆ. ಅತ್ತೆ ಒಪ್ಪುವುದಿಲ್ಲ. "ಡಬ್ಬಿ ಮ್ಯಾಲ ಕಬ್ಬಿಣ ಅದ ಅಂತ ಬರದಾರ. ಸಿಹಿ ಹೆಂಗಾದೀತು?" ಏನು ಹೇಳಲಿ, ನಾನೂ ಅದನ್ನೇ ನಂಬಿದ್ದೆನಲ್ಲ.

ಬೆಳಿಗ್ಗೆ ತಾಯಿ ಮಗಳು ನಡಿಗೆಗೆಂದು ದುರ್ಗಾ ಟೇಕಡಿಯ ಗುಡ್ಡ ಹತ್ತಿದೆವು. ಅವಳು ಸರಸರ ಮುಂದೆ. ನನಗೇ ಏದುಸಿರು.

ಡಬ್ಬಿಗಳು ಇನ್ನೂ ಉಳಿದಿವೆ. ಚೆಲ್ಲಲು ಮನಸ್ಸಿಲ್ಲ, ಅನ್ನದಂಥ ವಸ್ತು. ನಾನೇ ಕುಡಿದು ಮುಗಿಸಿದರಾಯಿತು.

ಭಾನುವಾರ, 5 ಅಕ್ಟೋಬರ್. ದಸರೆ

ಹೋದ ವಾರ ಸ್ನೇಹಲ್‌ಗೆ ಮುಟ್ಟಾಯಿತು. ಅತ್ತೆ ಕೀರ್ತಿಯನ್ನೆಲ್ಲ ತಮ್ಮ ಮೆಂತ್ಯದ ಪಲ್ಯಕ್ಕೇ ಕೊಟ್ಟರು. ಕೊಡಲಿ.

ಸಂಜೆ ಬನ್ನಿ ಕೊಡಲು ಹೊರಟಿದ್ದೆವು. ನನ್ನ ತುರುಬಿಗೆ ಹೂ ಮುಡಿಸುತ್ತೇನೆಂದು ಸ್ನೇಹಲ್ ಹಿಂದೆ ನಿಂತಳು. ತುರುಬು ಮೇಲೆತ್ತಿ, ಬಗ್ಗಿ ನೋಡಿದಳು.

"ಅವ್ವಾ, ನಿನ್ನ ಕುತ್ತಿಗೀನೂ ಹಂಗ ಅದ."

"ತಾಳಿಸರ ತಿಕ್ಕಿ ಆದ ಕಲಿ ಅದು, ಬಿಡ."

ಬಿಡಲಿಲ್ಲ. ಉಜ್ಜಲೂ ಇಲ್ಲ. ಮೆಲ್ಲಗೆ ಬೆರಳಾಡಿಸಿದಳು. "ಆ ಡಬ್ಬಿ ಎಲ್ಲಾ ನೀನ ಕುಡದ ಮುಗಿಸಿದಿ, ಹೌದಿಲ್ಲೋ?"

ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡೆ.

"ನಾಳೆ ಡಾಕ್ಟರ್ ಕಡೆ ಹೋಗೂಣು. ನಾ ಬರ್ತೀನಿ ಜೋಡಿ. ಅವ್ರು ಏನ ಕೇಳಿದ್ರೂ ನಾ ಹೇಳ್ತೀನಿ. ನೀ ಸುಮ್ನ ಕೂಡ."

ಹೂ ಮುಡಿಸಿ, ಹೆಗಲ ಮೇಲೆ ಗದ್ದವಿಟ್ಟು ನಿಂತಳು. ನನ್ನ ಹಿಂಗತ್ತನ್ನು ನಾನು ಯಾವಾಗ ನೋಡಿದ್ದೆ? ಯಾರು ನೋಡಿದ್ದರು? ಹೆದರಿಕೆ ಆಗುತ್ತಿದೆ, ಬರೆದೇಬಿಡುತ್ತೇನೆ. ಆದರೂ ಆ ಬೆರಳು ತಾಗಿದಾಗ ಹಾಯೆನಿಸಿತು.