ಎಲೆಯಿಲ್ಲದ ದ್ರಾಕ್ಷಿ ಬಳ್ಳಿ

ಐಗಳಿ, ತಾ. ಅಥಣಿ
೧೫ ಅಕ್ಟೋಬರ್ ೨೦೨೪

ನಮ್ಮ ‘ಇವರಿಗೆ’ ಸ್ನೇಹಲಳ ಪ್ರೀತಿಯ ನಮಸ್ಕಾರ.

ಹಾರೂಗೇರಿಯಲ್ಲಿ ಎಲ್ಲರೂ ಕ್ಷೇಮವೇ? ಅತ್ತೆಯವರ ಮಂಡಿನೋವು ಹೇಗಿದೆ? ಎಣ್ಣೆ ಬಿಸಿ ಮಾಡಿಕೊಡುತ್ತೀರೋ, ಅದಕ್ಕೂ ನಾನೇ ಬರಬೇಕೋ? ಫೋನಿನಲ್ಲಾದರೆ ನೀವು ‘ಹೂಂ, ಹೂಂ’ ಎಂದು ಮುಗಿಸಿಬಿಡುತ್ತೀರಿ, ಅದಕ್ಕೇ ಈ ಪತ್ರ.

ನಾನು ಸುಧಾರಿಸಿದ್ದೇನೆ. ಹಸಿವಾಗುತ್ತದೆ, ಬೆಳಿಗ್ಗೆ ಏಳಲು ಮನಸ್ಸಾಗುತ್ತದೆ. ರವಿವಾರ ನನ್ನನ್ನು ಕರೆದೊಯ್ಯಲು ಬರುತ್ತೀರಿ. ಸೊಸೆ ದ್ರಾಕ್ಷಿ ತೋಟದ ಕೆಲಸಕ್ಕೆ ತವರಿಗೆ ಹೋಗಿದ್ದಾಳೆಂದು ಅತ್ತೆಯವರಿಗೆ ಹೇಳಿಟ್ಟಿದ್ದೀರಿ. ನನ್ನ ಮೇಲಿನ ಮಮತೆಯಿಂದಲೇ ಹೇಳಿದಿರಿ, ಗೊತ್ತು. ಆದರೆ ಅಲ್ಲಿ ಮಾತ್ರೆಗಳನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿ ನನಗೆ ಸಾಕಾಗಿದೆ.

ಮಿರಜದ ಡಾಕ್ಟರು ಹೇಳಿದಂತೆ ದಿನಾ ಒಂದು ಗಿಡವನ್ನು ನೋಡಿ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಬಾಯಿಗೆ ಬಾರದ್ದು ಕುಂಚಕ್ಕೆ ಬರುತ್ತದೆ ಎಂದು ಅವರು ಅಂದಾಗ ನಂಬಿರಲಿಲ್ಲ. ಮೊದಮೊದಲು ಬಾಡಿದ ಬದನೆ ಗಿಡ ಬಿಟ್ಟು ಬೇರೇನೂ ಕೈಗೆ ಹತ್ತಲಿಲ್ಲ. ಹೋದ ವಾರ ನಮ್ಮ ತೋಟದ ಚಾಟಣಿ ಆಯಿತು. ಕಬ್ಬು ಬೆಳೆಯುವ ನಿಮ್ಮ ಕಡೆಯವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ, ಹಣ್ಣು ಬರಬೇಕೆಂದರೆ ಬಳ್ಳಿಯನ್ನು ಕತ್ತರಿಸಿ ಬೋಳು ಮಾಡುತ್ತಾರೆ, ಒಂದೆಲೆಯೂ ಉಳಿಯುವುದಿಲ್ಲ. ಅಂಥ ಬಳ್ಳಿಯ ಮುಂದೆ ಕೂತು ನಾನು ತುಂಬು ಎಲೆ, ಗೊಂಚಲು ಬರೆದೆ. ಹೆಂಡತಿ ಪೂರಾ ನೆಟ್ಟಗಾದಳೆಂದು ನೀವು ಅನ್ನಲಿ ಎಂಬ ಆಸೆ. ಅವ್ವ ನೋಡಿ, “ನಿನ್ನೆ ಚಾಟಣಿ ಆದ ಬಳ್ಳಿಗೆ ಇವತ್ತ ಹಣ್ಣ ಎಲ್ಲಿಂದ ತಂದಿ ಬೇ? ನೋಡಿದವ್ರು ನಗ್ತಾರ” ಎಂದಳು. ದ್ರಾಕ್ಷಿ ಮನೆಯ ಮಗಳು ಮಾಡುವ ತಪ್ಪೇ ಅದು? ನಗು ಬಂತು, ಹಿಂದೆಯೇ ಅಳುವೂ ಬಂತು. ಅತ್ತು ಮುಗಿಸಿ ಹೊಸ ಹಾಳೆ ತೆಗೆದುಕೊಂಡೆ. ಬೋಳು ಕಡ್ಡಿ, ಕತ್ತರಿ ಬಿದ್ದಲ್ಲಿ ಒಸರುವ ನೀರು, ಇನ್ನೂ ಒಡೆಯದ ಚಿಗುರುಗಣ್ಣು, ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದೆ. ಈಗ ನಾನು ಇರುವುದೇ ಹಾಗೆ, ಅದರಲ್ಲಿ ನಾಚಿಕೆಯಿಲ್ಲ. ಆ ಚಿತ್ರವನ್ನು ಹಾರೂಗೇರಿಯ ನಮ್ಮ ಪಡಸಾಲೆಯಲ್ಲೇ ತೂಗುಹಾಕುತ್ತೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅಂಗಡಿಯಿಂದ ತಡವಾಗಿ ಬಂದು ತಣ್ಣಗಿನ ರೊಟ್ಟಿ ಉಣ್ಣಬೇಡಿ.

ನಿಮ್ಮವಳೇ,
ಸ್ನೇಹಲ

ತಾ.ಕ.: ಟಪಾಲಿಗೆ ಹಾಕಲು ಅಣ್ಣ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನನಗಿರುವುದು ಖಿನ್ನತೆ ಎಂದು ಅತ್ತೆಯವರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳಿ ಬಂದರೆ ನಿಮ್ಮ ಜೊತೆ ಹೊರಡುತ್ತೇನೆ. ಹೇಳದೆ ಬಂದರೆ ಹೋಳಿಗೆ ಮಾಡಿ ಉಣಿಸುತ್ತೇನೆ, ಉಂಡು ಒಬ್ಬರೇ ಹೋಗಿ.