ಎರಡೂ ಕಡೆಯ ಕಮಿಷನ್

ಮಾರ್ಚ್ ೧೪, ಶುಕ್ರವಾರ

ಒಂದು ಕಾಲದ ನನ್ನ ಯಜಮಾನರಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಇಂದು ಬೆಳಿಗ್ಗೆ ನಿಮ್ಮ ಫ್ಲ್ಯಾಟಿನ ನೋಂದಣಿ ಮುಗಿಯಿತಲ್ಲ, ಕೊಂಡವರ ಏಜೆಂಟಿಗೆಂದು ನೀವು ಹಲ್ಲು ಕಚ್ಚಿಕೊಂಡು ಬರೆದ ಚೆಕ್ಕು ನನ್ನ ಮೇಜಿನ ಮೇಲಿದೆ. ಆ ಏಜೆಂಟ್ ನಾನೇ.

ನಾವು ಬೇರೆಯಾದ ಮೇಲೆ, ನನ್ನ ಸಂಬಳದಲ್ಲಿ ಕೊಂಡಿದ್ದ ಮನೆಯನ್ನು ಮಾರಬೇಕಾಯಿತು. "ಹೊರಗಿನವನಿಗೆ ಯಾಕೆ ಕಮಿಷನ್ ಕೊಡ್ತೀಯ? ನನ್ನ ಕೆಲಸವೇ ಅದು, ಬಿಟ್ಟಿ ಮಾಡಿಕೊಡ್ತೀನಿ" ಎಂದಿರಿ. ನಂಬಿದೆ. ಬೆಲೆ ಕಡಿಮೆಯಾಯಿತೆಂದು ಅತ್ತಾಗ, ಮಾರುಕಟ್ಟೆಯೇ ಬಿದ್ದುಹೋಗಿದೆ ಎಂದು ಸಮಾಧಾನ ಮಾಡಿದಿರಿ.

ಮುಂದಿನ ವರ್ಷ ಆ ಬೀದಿಯಲ್ಲಿ ಹೋಗುವಾಗ, ಮನೆ ಕೊಂಡ ಹೆಂಗಸು ಗೇಟಿನ ಬಳಿ ನಿಲ್ಲಿಸಿ ಮಾತಾಡಿಸಿದಳು. "ನಿಮ್ಮೆಜಮಾನ್ರು ಒಳ್ಳೆಯವರಮ್ಮ. ನೀವು ಎಷ್ಟಕ್ಕೆ ಇಳೀತೀರಾ ಅಂತ ಮೊದ್ಲೇ ಹೇಳ್ಬಿಟ್ರು. ಅದಕ್ಕೇ ಕಮಿಷನ್ ಮೇಲೊಂದಿಷ್ಟು ಜಾಸ್ತಿನೇ ಕೊಟ್ವಿ."

ದುಡ್ಡು ಹೋದರೆ ಹೋಗಲಿ. ಸಾಲದ ಕಂತಿಗೆ ಹೆದರಿ, ಕೊನೆಗೆ ಇಷ್ಟಕ್ಕಾದರೂ ಕೊಟ್ಟುಬಿಡುತ್ತೇನೆ ಎಂದು ನಿಮ್ಮೊಬ್ಬರಿಗೇ ಪಿಸುಗುಟ್ಟಿದ ಮಾತನ್ನು ನೀವು ಮಾರಿಬಿಟ್ಟಿದ್ದಿರಿ. ಹೊಟ್ಟೆ ಉರಿದುಹೋಯಿತು.

ಆ ಉರಿಯಲ್ಲೇ ಏಜೆಂಟಿಕೆ ಕಲಿತೆ. ಮಾರುವವರ ಏಜೆಂಟ್ ಬೆಲೆ ಏರಿಸಲು ನೋಡಬೇಕು, ಕೊಳ್ಳುವವರ ಏಜೆಂಟ್ ಇಳಿಸಲು. ಒಬ್ಬನೇ ಎರಡೂ ಕಡೆ ಕೈ ಚಾಚುವುದಾದರೆ ಇಬ್ಬರಿಗೂ ಹೇಳಿಯೇ ಚಾಚಬೇಕು. ಇದು ಮೊದಲ ವಾರದ ಪಾಠ. ಆ ವಾರ ನೀವು ರಜೆ ಹಾಕಿದ್ದಿರೇನೋ!

ಎಷ್ಟು ಫ್ಲ್ಯಾಟ್ ತೋರಿಸಿದರೂ ನನ್ನ ಗಿರಾಕಿ ನರ್ಸಮ್ಮನಿಗೆ ನಿಮ್ಮದೇ ಹಿಡಿಸಿತು. ಮಾರುವವನು ನನ್ನ ಮಾಜಿ ಗಂಡ, ಬೇಕಿದ್ದರೆ ಬೇರೆ ಏಜೆಂಟ್ ಹಿಡಿಯಿರಿ ಎಂದೆ. ಆಕೆ ನಕ್ಕಳು. "ಅವರ ಸುಳ್ಳು ನಿಮಗೆ ಗೊತ್ತಾದಷ್ಟು ಇನ್ಯಾರಿಗೆ ಗೊತ್ತಾಗುತ್ತೆ?"

ಮಾತುಕತೆಗೆ ನನ್ನ ಆಫೀಸಿನ ಜೊತೆಗಾರನನ್ನು ಕಳಿಸಿದೆ. ಕಾಗದದಲ್ಲೂ ಚೆಕ್ಕಿನಲ್ಲೂ ಆಫೀಸಿನ ಹೆಸರಷ್ಟೇ ಇದ್ದದ್ದರಿಂದ ನಿಮಗೆ ನನ್ನ ಸುಳಿವು ಸಿಗಲಿಲ್ಲ. ಬಚ್ಚಲ ಗೋಡೆ ಹೊಸ ಬಣ್ಣದ ವಾಸನೆ ಹೊಡೆಯುತ್ತಿದೆ ಎಂದು ಅವನು ಹೇಳಿದಾಗ, ತೇವ ಪರೀಕ್ಷೆ ಮಾಡಿಸು ಎಂದೆ. ಒಳಗೆ ಪೈಪು ಸೋರುತ್ತಿತ್ತು. ಬೆಲೆ ಇಳಿಯಿತು. "ಕೊಳ್ಳೋರ ಏಜೆಂಟಿಗೂ ನಾನೇ ಕೊಡ್ಬೇಕಾ?" ಎಂದು ಕೂಗಾಡಿದಿರಂತೆ. ಕೊಡಲೇಬೇಕೆಂದಿಲ್ಲ, ಅದು ಚೌಕಾಸಿಯ ಮಾತು. ಆದರೆ ನಿಮಗೆ ಬೇರೆ ಗಿರಾಕಿ ಇರಲಿಲ್ಲ. ಮುಖ ಗಂಟಿಕ್ಕಿಕೊಂಡು ಒಪ್ಪಿದಿರಿ.

ಇದನ್ನೋದುವಾಗ ನಿಮ್ಮ ಕಿವಿ ಕೆಂಪಾಗುವುದನ್ನು ನೋಡಲು ನಾನಲ್ಲಿರಬೇಕಿತ್ತು. ಮನಸ್ಸು ತಣ್ಣಗಾಗಿದೆ. ಕ್ಷಮಿಸಿದ್ದೇನೆಂದು ಮಾತ್ರ ತಿಳಿಯಬೇಡಿ.

ಇತಿ,
ನಿಮ್ಮವಳಲ್ಲದ,
ಕೊಂಡವರ ಏಜೆಂಟ್

ತಾ.ಕ.: ನಿನ್ನೆ ನಿಮ್ಮ ಈಗಿನ ಹೆಂಡತಿ ನನ್ನ ಆಫೀಸಿಗೆ ಬಂದಿದ್ದಳು. ಒಬ್ಬಳಿಗೆ ಸಾಕಾಗುವಂಥ ಮನೆ ಬೇಕಂತೆ. ನಿಮಗೆ ತಿಳಿಸಬಹುದೇ ಎಂದು ಕೇಳಿದೆ. "ನೀವೇ ಬರೆದುಬಿಡಿ, ನನಗೆ ಹೇಳೋ ಕೆಲಸ ತಪ್ಪುತ್ತೆ" ಎಂದಳು. ಅವಳಿಂದ ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ.